ಗ್ಯಾಸ್ ಸೋರಿದ ಮೇಲೆ ದಂಡ ಹಾಕಿ ಏನು ಬಂತು?

ನಮಸ್ಕಾರ. ಇವತ್ತಿನ ವಿಷಯ ಅಮೋನಿಯಾ. ಅದು ಸೋರಿದಾಗ ಕಂಪನಿಗಳ ಮೇಲೆ ಬೀಳುವ ದಂಡ. ಕೇಳಲು ಒಣ ವಿಷಯ ಅನ್ನಿಸಬಹುದು. ಸ್ವಲ್ಪ ತಾಳಿ.

ಬಂದರಿನಲ್ಲಿ ಮೀನಿಗೆ ಹಾಕುವ ಐಸ್, ಹಾಲಿನ ಡೇರಿ, ತರಕಾರಿ ಇಡುವ ಕೋಲ್ಡ್ ಸ್ಟೋರೇಜ್, ಇವೆಲ್ಲದರ ಹಿಂದೆ ಹೆಚ್ಚಿನ ಕಡೆ ಇರುವುದು ತಂಪು ಮಾಡುವ ಅಮೋನಿಯಾ ಗ್ಯಾಸ್ ತುಂಬಿದ ಪೈಪು. ಅಲ್ಲಿ ಒಂದು ಮಾಮೂಲಿ ಕೆಲಸವಿದೆ. ಕಂಪ್ರೆಸರ್‌ಗೆ ಹಾಕಿದ ಆಯಿಲ್ ಸ್ವಲ್ಪ ಸ್ವಲ್ಪವೇ ಗ್ಯಾಸಿನ ಜೊತೆ ಹೋಗಿ ಟ್ಯಾಂಕಿನ ತಳದಲ್ಲಿ ಕೂರುತ್ತದೆ. ಅದನ್ನು ಆಗಾಗ ಹೊರಗೆ ತೆಗೆಯಬೇಕು. ಒಬ್ಬ ಕೆಲಸಗಾರ ಕೆಳಗೆ ಬಕೆಟ್ ಇಟ್ಟು ವಾಲ್ವ್ ತಿರುಗಿಸುತ್ತಾನೆ. ಆಯಿಲ್ ಗಟ್ಟಿಯಾಗಿದ್ದರೆ ಬರುವುದಿಲ್ಲ. ಇನ್ನೂ ಸ್ವಲ್ಪ ತಿರುಗಿಸುತ್ತಾನೆ. ಆಯಿಲ್ ಬರುತ್ತದೆ, ಮುಗಿಯುತ್ತದೆ, ಅದರ ಹಿಂದೆಯೇ ಅಮೋನಿಯಾ ನುಗ್ಗುತ್ತದೆ. ಕಣ್ಣು ಉರಿದು ಏನೂ ಕಾಣದಾಗ ವಾಲ್ವ್ ಮುಚ್ಚುವುದು ಹೇಗೆ? ಬಿಟ್ಟು ಓಡುತ್ತಾನೆ. ಓಡಲು ಆದರೆ.

ಇದಕ್ಕೆ ಸ್ಪ್ರಿಂಗ್ ಇರುವ ವಾಲ್ವ್ ಸಿಗುತ್ತದೆ. ಕೈ ಬಿಟ್ಟ ಕೂಡಲೇ ತಾನೇ ಮುಚ್ಚಿಕೊಳ್ಳುತ್ತದೆ. ಕಾರ್ಖಾನೆಯ ಖರ್ಚಿನಲ್ಲಿ ಅದು ಚಿಲ್ಲರೆ ಹಣ. ಈಗ ನನ್ನ ಪ್ರಶ್ನೆ ಇಷ್ಟೇ. ಆ ವಾಲ್ವ್ ಹಾಕದೆ ಇರುವುದಕ್ಕೆ ದಂಡ ಬೀಳಬೇಕಾದ್ದು ಯಾವಾಗ? ಆ ಕೆಲಸಗಾರ ಆಸ್ಪತ್ರೆ ಸೇರಿದ ಮೇಲೋ, ಇನ್ಸ್‌ಪೆಕ್ಟರ್ ಬಂದು ನೋಡಿದ ದಿನವೋ?

ನಮ್ಮಲ್ಲಿ ಏನಾಗುತ್ತದೆ ನೋಡಿ. 2023ರ ಡಿಸೆಂಬರ್ 26, ಮಧ್ಯರಾತ್ರಿ ಹೊತ್ತು. ಚೆನ್ನೈ ಪಕ್ಕದ ಎಣ್ಣೂರು. ಕೋರಮಂಡಲ್ ಇಂಟರ್‌ನ್ಯಾಷನಲ್ ಕಂಪನಿಯ ಗೊಬ್ಬರ ಕಾರ್ಖಾನೆಗೆ ಹಡಗಿನಿಂದ ಅಮೋನಿಯಾ ತರುವ ಪೈಪು ಸಮುದ್ರದ ತಳದಲ್ಲಿದೆ. ಹಡಗಿನಿಂದ ಇಳಿಸುವ ಮೊದಲು ಪೈಪನ್ನು ತಣ್ಣಗೆ ಮಾಡುವಾಗ ಅದು ಸೋರಿತು. ಪೆರಿಯಕುಪ್ಪಂ, ಚಿನ್ನಕುಪ್ಪಂ ಮೀನುಗಾರರ ಹಳ್ಳಿಗಳು. ಜನ ನಿದ್ದೆಯಿಂದ ಎದ್ದು, ಮಕ್ಕಳನ್ನು ಎತ್ತಿಕೊಂಡು ಕತ್ತಲಲ್ಲಿ ಓಡಿದರು. ಹತ್ತಾರು ಜನ ಆಸ್ಪತ್ರೆ ಸೇರಿದರು. ಸಮುದ್ರದಲ್ಲಿ ಮೀನು ಸತ್ತವು. ಅದೇ ತಿಂಗಳು ಮಿಚಾಂಗ್ ಚಂಡಮಾರುತ ಬಂದುಹೋಗಿತ್ತು. ಅದರ ಹೊಡೆತಕ್ಕೆ ಪೈಪಿನ ಸುತ್ತ ಇದ್ದ ಬಂಡೆಗಳು ಸರಿದು ಪೈಪು ಜಖಂ ಆಗಿರಬಹುದು ಎಂದು ತನಿಖಾ ಸಮಿತಿ ಹೇಳಿತು.

ಸರಿ, ಚಂಡಮಾರುತಕ್ಕೆ ದಂಡ ಹಾಕಲು ಆಗುವುದಿಲ್ಲ. ಆದರೆ ಚಂಡಮಾರುತ ಹೋದ ಮೇಲೆ, ಗ್ಯಾಸ್ ಬಿಡುವ ಮೊದಲು, ಸಮುದ್ರದೊಳಗಿನ ಪೈಪು ಹೇಗಿದೆ ಅಂತ ನೋಡಬೇಕಿತ್ತು ಅಲ್ವಾ?

ತಮಿಳುನಾಡು ಮಾಲಿನ್ಯ ನಿಯಂತ್ರಣ ಮಂಡಳಿ ಲೆಕ್ಕ ಹಾಕಿದ ಪರಿಸರ ಪರಿಹಾರ 5.92 ಕೋಟಿ ರೂಪಾಯಿ. ನನಗೆ ನಿಮಗೆ ಅದು ದೊಡ್ಡ ಮೊತ್ತ. ಕಂಪನಿಗೆ? ಆ ಹಣಕಾಸು ವರ್ಷದ ಅವರ ಲಾಭ 1,500 ಕೋಟಿಗಿಂತ ಜಾಸ್ತಿ. ದಿನಕ್ಕೆ ಭಾಗಿಸಿದರೆ 4 ಕೋಟಿ ದಾಟುತ್ತದೆ. ಅಂದರೆ ಒಂದೂವರೆ ದಿನದ ಲಾಭವೂ ಹೋಗಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ, ಕಾರ್ಖಾನೆ ತಿಂಗಳುಗಟ್ಟಲೆ ಬಾಗಿಲು ಹಾಕಿತ್ತು. ಆ ಪೆಟ್ಟು ದಂಡಕ್ಕಿಂತ ದೊಡ್ಡದು. ಅದನ್ನು ತಂದದ್ದು ಬೀದಿಗಿಳಿದ ಊರಿನವರು ಮತ್ತು ಹಸಿರು ನ್ಯಾಯಮಂಡಳಿ. ಕಾಯ್ದೆಯ ಪುಸ್ತಕದಲ್ಲಿ ಬರೆದಿಟ್ಟ ದಂಡದ ಕಾಲಂ ಅಲ್ಲ.

ಆ ಕಾಲಂ ಓದಿದರೆ ನಗು ಬರುತ್ತದೆ. 1948ರ ಕಾರ್ಖಾನೆಗಳ ಕಾಯ್ದೆಯಲ್ಲಿ ಸಾಮಾನ್ಯ ಉಲ್ಲಂಘನೆಗೆ ಎರಡು ವರ್ಷದವರೆಗೆ ಜೈಲು ಅಥವಾ 1 ಲಕ್ಷದವರೆಗೆ ದಂಡ, ಇಲ್ಲವೇ ಎರಡೂ. ಸುರಕ್ಷತೆಯ ನಿಯಮ ಮುರಿದು ಯಾರಾದರೂ ಸತ್ತರೆ ದಂಡ 25,000 ರೂಪಾಯಿಗಿಂತ ಕಡಿಮೆ ಇರಬಾರದು ಅಂತ ಬರೆದಿತ್ತು. ಇಪ್ಪತ್ತೈದು ಸಾವಿರ. ಒಂದು ಮಾಮೂಲಿ ಮೊಬೈಲ್ ಫೋನಿನ ಬೆಲೆ. ಭೋಪಾಲ್ ಪ್ರಕರಣದಲ್ಲಿ 2010ರಲ್ಲಿ ಬಂದ ತೀರ್ಪು ನೆನಪಿರಬಹುದು: ಎರಡು ವರ್ಷ ಜೈಲು, ತಲಾ 1 ಲಕ್ಷ ದಂಡ.

ಈಗ ಹೊಸ ಕಾನೂನು ಬಂದಿದೆ. ಕೆಲಸದ ಜಾಗದ ಸುರಕ್ಷತೆ ಮತ್ತು ಆರೋಗ್ಯದ ಸಂಹಿತೆ. ಸಂಸತ್ತು 2020ರಲ್ಲೇ ಒಪ್ಪಿದ್ದು, ಜಾರಿಗೆ ಬಂದದ್ದು 2025ರ ನವೆಂಬರ್ 21ರಂದು. ಇದರಲ್ಲಿ ಸಾವಾದರೆ ದಂಡ ಕನಿಷ್ಠ 5 ಲಕ್ಷ. ಅದರಲ್ಲಿ ಅರ್ಧಕ್ಕೆ ಕಡಿಮೆಯಿಲ್ಲದಷ್ಟನ್ನು ನೊಂದವರ ಮನೆಗೆ ಕೊಡಿಸಲು ನ್ಯಾಯಾಲಯಕ್ಕೆ ಅವಕಾಶವಿದೆ. ಇದು ನಿಜಕ್ಕೂ ಒಳ್ಳೆಯ ಹೆಜ್ಜೆ, ಸುಮ್ನೆ ಬೈಯಬಾರದು.

ಆದರೆ ಯಾರೂ ಸಾಯದೆ, ಬರೀ ನಿಯಮ ಮುರಿದಿದ್ದರೆ? ಸಾಮಾನ್ಯ ದಂಡ 2 ಲಕ್ಷದಿಂದ 3 ಲಕ್ಷ. ತೀರ್ಮಾನವಾದ ಮೇಲೂ ತಪ್ಪು ಮುಂದುವರಿಸಿದರೆ ದಿನಕ್ಕೆ 2,000 ರೂಪಾಯಿವರೆಗೆ. ಇನ್ನೊಂದು ಮಜಾ ಇದೆ. ಜೈಲಿಲ್ಲದ, ಬರೀ ದಂಡದ ಪ್ರಕರಣವನ್ನು ಗರಿಷ್ಠ ಮೊತ್ತದ ಅರ್ಧ ಕಟ್ಟಿ ರಾಜಿ ಮಾಡಿಕೊಳ್ಳಬಹುದು. 3 ಲಕ್ಷದ ಅರ್ಧ ಎಷ್ಟು? ಒಂದೂವರೆ ಲಕ್ಷ. ಕನಿಷ್ಠ ದಂಡವೇ 2 ಲಕ್ಷ! ಕನಿಷ್ಠಕ್ಕಿಂತ ಕಡಿಮೆಗೆ ಮುಗಿಸಿಕೊಳ್ಳುವ ದಾರಿಯನ್ನು ಕಾಯ್ದೆಯೇ ತೋರಿಸಿಕೊಟ್ಟಂತಾಯಿತು. ಜೊತೆಗೆ ಕಾರ್ಖಾನೆ ಅನ್ನಿಸಿಕೊಳ್ಳಲು ಮೊದಲು ಕರೆಂಟ್ ಇದ್ದು 10 ಜನ ಕೆಲಸಗಾರರಿದ್ದರೆ ಸಾಕಿತ್ತು, ಈಗ 20 ಜನ ಬೇಕು. ಹನ್ನೆರಡು ಜನರ ಐಸ್ ಪ್ಲಾಂಟ್ ಎಲ್ಲಿ ಹೋಯಿತು?

ಈಗ ಅಮೆರಿಕ ನೋಡಿ. 2010ರ ಆಗಸ್ಟ್ 23, ಅಲಬಾಮಾ ರಾಜ್ಯದ ಥಿಯೋಡರ್. ಮಿಲಾರ್ಡ್ ಎಂಬ ಕಂಪನಿಯ ಕೋಲ್ಡ್ ಸ್ಟೋರೇಜ್. ಹಿಂದಿನ ದಿನ ಏಳು ಗಂಟೆ ಕರೆಂಟ್ ಹೋಗಿತ್ತು. ಮತ್ತೆ ಶುರು ಮಾಡುವಾಗ, ಮಂಜು ಕರಗಿಸುವ ಕೆಲಸ ಅರ್ಧದಲ್ಲಿದ್ದ ಒಂದು ಯಂತ್ರಕ್ಕೆ ಕಂಟ್ರೋಲ್ ವ್ಯವಸ್ಥೆ ರೀಸೆಟ್ ಆಗಿ ನೇರ ತಂಪು ಮಾಡುವ ಆದೇಶ ಹೋಯಿತು. ಬಿಸಿ ಗ್ಯಾಸು, ತಣ್ಣನೆಯ ದ್ರವ ಒಂದಕ್ಕೊಂದು ಬಡಿದು ಚಾವಣಿ ಮೇಲಿನ 12 ಇಂಚಿನ ಪೈಪು ಸೀಳಿತು. 14 ಟನ್ನಿಗೂ ಹೆಚ್ಚು ಅಮೋನಿಯಾ ಹೊರಬಂತು. ಗಾಳಿ ಬೀಸಿದ ಕಡೆ ಡೀಪ್‌ವಾಟರ್ ಹೊರೈಜನ್ ತೈಲ ಸೋರಿಕೆ ಶುಚಿಗೊಳಿಸುತ್ತಿದ್ದ ಕೆಲಸಗಾರರಿದ್ದರು. ಪಾಪ, ಒಂದು ಕಂಪನಿಯ ಹೊಲಸು ತೆಗೆಯಲು ಬಂದವರಿಗೆ ಇನ್ನೊಂದು ಕಂಪನಿಯ ಗ್ಯಾಸು. 150ಕ್ಕೂ ಹೆಚ್ಚು ಜನ ಅದಕ್ಕೆ ಸಿಕ್ಕಿದರು, 32 ಜನ ಆಸ್ಪತ್ರೆ ಸೇರಿದರು. ಒಬ್ಬರೂ ಸಾಯಲಿಲ್ಲ. ಆದರೂ 2015ರಲ್ಲಿ ಕಂಪನಿ ಒಪ್ಪಿ ಕಟ್ಟಿದ ದಂಡ 30 ಲಕ್ಷ ಡಾಲರ್.

ಅಲ್ಲಿಯೂ ಐದು ವರ್ಷ ಹಿಡಿಯಿತು. ಅಮೆರಿಕವೇ ಸ್ವರ್ಗ ಅಂತ ನಾನು ಹೇಳುತ್ತಿಲ್ಲ. ನನಗೆ ಇಷ್ಟವಾಗಿದ್ದು ಬೇರೆ. ಅಲ್ಲಿನ ಪರಿಸರ ಸಂಸ್ಥೆ ಇಪಿಎ, ಏನೂ ಸೋರದ ಕೋಲ್ಡ್ ಸ್ಟೋರೇಜ್‌ಗಳಿಗೂ ದಂಡ ಹಾಕುತ್ತದೆ. ಪೈಪಿನ ಮೇಲೆ ಒಳಗೆ ಏನು ಹರಿಯುತ್ತದೆ ಎಂಬ ಲೇಬಲ್ ಇಲ್ಲ, ದಂಡ. ತುಕ್ಕು ಹಿಡಿದ ಪೈಪು ಪರೀಕ್ಷಿಸಿದ ದಾಖಲೆ ಇಲ್ಲ, ದಂಡ. ಕಾನೂನಿನ ಗರಿಷ್ಠ ಮಿತಿ 2025ರ ಲೆಕ್ಕದಲ್ಲಿ ದಿನಕ್ಕೆ, ಒಂದೊಂದು ಉಲ್ಲಂಘನೆಗೆ, 1,24,426 ಡಾಲರ್. ನಮ್ಮ ಹಣದಲ್ಲಿ ಸುಮಾರು ಒಂದು ಕೋಟಿ. ಕೊನೆಗೆ ಕಟ್ಟುವುದು ಇದಕ್ಕಿಂತ ತುಂಬಾ ಕಡಿಮೆ, ನಿಜ. ಆದರೆ ಮಾತುಕತೆ ಶುರುವಾಗುವುದೇ ಆ ಅಂಕಿಯಿಂದ. ನಮ್ಮ ದಿನಕ್ಕೆ 2,000 ರೂಪಾಯಿ ಪಕ್ಕದಲ್ಲಿ ಇಟ್ಟು ನೋಡಿ.

ಇನ್ನೊಂದು ವ್ಯತ್ಯಾಸ ಮಿತಿಯದ್ದು. ಅಲ್ಲಿ 10,000 ಪೌಂಡ್, ಅಂದರೆ ನಾಲ್ಕೂವರೆ ಟನ್ ಅಮೋನಿಯಾ ಇದ್ದರೆ ಅಪಾಯ ನಿರ್ವಹಣೆಯ ಪೂರ್ಣ ಯೋಜನೆ ಬೇಕು. ಅದಕ್ಕಿಂತ ಕಡಿಮೆ ಇದ್ದವರೂ ಜವಾಬ್ದಾರಿಯಿಂದ ಹೊರಗಿಲ್ಲ. ನಮ್ಮ 1989ರ ಅಪಾಯಕಾರಿ ರಾಸಾಯನಿಕ ನಿಯಮದಲ್ಲಿ ಪ್ರತ್ಯೇಕವಾಗಿ ಸಂಗ್ರಹಿಸಿಟ್ಟ ಅಮೋನಿಯಾಕ್ಕೆ ಮೊದಲ ಮಿತಿಯೇ 60 ಟನ್. ಥಿಯೋಡರ್‌ನಲ್ಲಿ ಅಷ್ಟೆಲ್ಲ ಜನರನ್ನು ಕೆಡವಿದ್ದು ಅದರ ಕಾಲು ಭಾಗವೂ ಅಲ್ಲ. 2024ರ ಸೆಪ್ಟೆಂಬರ್‌ನಲ್ಲಿ ಜಲಂಧರ್‌ನ ಒಂದು ಐಸ್ ಫ್ಯಾಕ್ಟರಿಯಲ್ಲಿ ಅಮೋನಿಯಾ ಸೋರಿ ಒಬ್ಬರು ಸತ್ತರು. ಐಸ್ ಫ್ಯಾಕ್ಟರಿಯಲ್ಲಿ 60 ಟನ್ ಎಲ್ಲಿಂದ ಬರಬೇಕು?

ಇಲ್ಲಿ ಒಂದು ತಕರಾರು ಖಂಡಿತ ಬರುತ್ತದೆ. ಸಣ್ಣ ಮಾಲೀಕನಿಗೆ ಇಷ್ಟು ದಂಡ ಹಾಕಿದರೆ ಅವನು ಬಾಗಿಲು ಮುಚ್ಚುತ್ತಾನೆ, ಇನ್ಸ್‌ಪೆಕ್ಟರ್ ಜೇಬು ತುಂಬುತ್ತದೆ, ಅಷ್ಟೇ. ತಕರಾರು ಪೊಳ್ಳಲ್ಲ. ಅದಕ್ಕೇ ಎಲ್ಲರಿಗೂ ಒಂದೇ ಮೊತ್ತ ಬೇಡ ಅನ್ನುತ್ತೇನೆ. ದೆಹಲಿಯಲ್ಲಿ 1985ರಲ್ಲಿ ಶ್ರೀರಾಮ್ ಕಾರ್ಖಾನೆಯಿಂದ ಓಲಿಯಂ ಅನಿಲ ಸೋರಿದಾಗ ಸುಪ್ರೀಂ ಕೋರ್ಟ್ ಒಂದು ಮಾತು ಹೇಳಿತು: ಕಂಪನಿ ಎಷ್ಟು ದೊಡ್ಡದೋ ಪರಿಹಾರವೂ ಅಷ್ಟು ದೊಡ್ಡದಿರಬೇಕು. ಪರಿಹಾರಕ್ಕೆ ಸರಿಯಾದ ಆ ಮಾತು ದಂಡಕ್ಕೆ ಯಾಕೆ ಸಲ್ಲುವುದಿಲ್ಲ? ಸಣ್ಣವನಿಗೆ ಮೊದಲು ನೋಟಿಸ್ ಕೊಡಿ, ವಾಲ್ವ್ ಬದಲಿಸಲು ತಿಂಗಳು ಕೊಡಿ. ತಿಂಗಳಾದ ಮೇಲೂ ಹಳೇ ವಾಲ್ವೇ ಇದ್ದರೆ ಮೀಟರ್ ಓಡಲಿ, ದಿನದ ಲೆಕ್ಕದಲ್ಲಿ. ಲಂಚದ ವಿಷಯಕ್ಕೆ ಬಂದರೆ, ತಪಾಸಣೆಯ ವರದಿ ಎಲ್ಲರ ಕಣ್ಣಿಗೆ ಬೀಳುವಂತಿರಬೇಕು. ಇಪಿಎ ತಪಾಸಣೆ ಮತ್ತು ದಂಡದ ವಿವರವನ್ನು ಕಾರ್ಖಾನೆಯ ಹೆಸರಿನ ಸಮೇತ ವೆಬ್‌ಸೈಟಿನಲ್ಲಿ ಹಾಕುತ್ತದೆ.

ನಮ್ಮಲ್ಲಿ ಅಲ್ಲಿಯವರೆಗೆ ಆರ್‌ಟಿಐ ಇದೆ. ಕರ್ನಾಟಕದಲ್ಲಾದರೆ ಕಾರ್ಖಾನೆ ಮತ್ತು ಬಾಯ್ಲರ್‌ಗಳ ಇಲಾಖೆಗೆ 10 ರೂಪಾಯಿ ಶುಲ್ಕ ಕಟ್ಟಿ ಅರ್ಜಿ ಹಾಕಬಹುದು. ನಮ್ಮ ರಾಜ್ಯದ ನಿಯಮದ ಪ್ರಕಾರ 150 ಪದ ದಾಟಬಾರದು, ಒಂದು ಅರ್ಜಿಗೆ ಒಂದೇ ವಿಷಯ. ಹೀಗೆ ಕೇಳಿ: ನಮ್ಮ ಊರಿನ ಇಂಥ ಕೋಲ್ಡ್ ಸ್ಟೋರೇಜ್‌ಗೆ ಕೊನೆಯ ತಪಾಸಣೆ ಯಾವ ದಿನ ನಡೆಯಿತು? ಏನೇನು ಕೊರತೆ ಸಿಕ್ಕಿತು? ಸರಿಪಡಿಸಲು ಕೊಟ್ಟ ಗಡುವು ಯಾವುದು, ಗಡುವು ಮುಗಿದ ಮೇಲೆ ಮತ್ತೆ ಹೋಗಿ ನೋಡಿದವರು ಯಾರು?