ಶೇಕಡ 85 ಮತ್ತು ನನ್ನ ಅಜ್ಜಿ

ನಮಸ್ಕಾರ. ಪದವಿಯ ಎರಡನೇ ವರ್ಷದಲ್ಲಿದ್ದಾಗ ನನ್ನ ಅಜ್ಜಿ ತೀರಿಕೊಂಡರು. ಸುದ್ದಿ ಬಂದ ರಾತ್ರಿಯೇ ಬೆಂಗಳೂರಿನಿಂದ ಹಾಸನದ ಬಸ್ ಹತ್ತಿದೆ. ಹನ್ನೊಂದನೇ ದಿನದ ತಿಥಿ ಮುಗಿಸಿಕೊಂಡು ಹಾಸ್ಟೆಲಿಗೆ ಮರಳಿದೆ. ತಲೆ ಬೋಳಿಸಿಕೊಂಡಿದ್ದ ಅಪ್ಪನನ್ನು ಬಿಟ್ಟು ಬರುವುದೇ ಕಷ್ಟವಾಗಿತ್ತು. ಸೆಮಿಸ್ಟರ್ ಕೊನೆಯಲ್ಲಿ ಸೂಚನಾ ಫಲಕದಲ್ಲಿ ಪಟ್ಟಿ ಬಿತ್ತು. ನನ್ನ ಹಾಜರಾತಿ ಶೇಕಡ 83. ನಮ್ಮ ವಿಶ್ವವಿದ್ಯಾಲಯಕ್ಕೆ ಬೇಕಾದದ್ದು 85.

ಕಚೇರಿಯಲ್ಲಿ ಒಂದು ಅರ್ಜಿ ಕೊಟ್ಟರು. ಗೈರುಹಾಜರಿಯ ಕಾರಣ ಬರೆಯುವ ಜಾಗದಲ್ಲಿ ಚೌಕಗಳಿದ್ದವು. ತಂದೆಯ ಮರಣ, ತಾಯಿಯ ಮರಣ, ಒಡಹುಟ್ಟಿದವರ ಮರಣ, ಸ್ವಂತ ಅನಾರೋಗ್ಯ. ಅಜ್ಜಿಗೆ ಚೌಕವಿರಲಿಲ್ಲ. ಕಿಟಕಿಯ ಆಚೆ ಕುಳಿತಿದ್ದ ಮೇಡಂ ಕೆಟ್ಟವರಲ್ಲ. ನನ್ನ ಮುಖ ನೋಡಿ ದನಿ ತಗ್ಗಿಸಿ, ‘ಅಜ್ಜಿ ಅಂತ ಬರೆಯಬೇಡಪ್ಪ, ಒಪ್ಪುವುದಿಲ್ಲ. ಅನಾರೋಗ್ಯ ಅಂತ ಬರೆದು ಡಾಕ್ಟರ ಚೀಟಿ ತಂದುಬಿಡು’ ಎಂದರು.

ಮುನ್ನೂರು ರೂಪಾಯಿ ಕೊಟ್ಟು ನನಗೆ ಕಾಮಾಲೆ ಆಗಿತ್ತೆಂದು ಚೀಟಿ ಬರೆಸಿಕೊಂಡೆ. ಅರ್ಜಿ ಮಂಜೂರಾಯಿತು, ಪರೀಕ್ಷೆ ಬರೆದೆ. ನನ್ನನ್ನು ಎತ್ತಿ ಬೆಳೆಸಿದ ಜೀವದ ಸಾವು ಆ ಕಾಗದದಲ್ಲಿ ಎಲ್ಲಿಯೂ ಇಲ್ಲ. ಇಷ್ಟು ವರ್ಷವಾದರೂ ಅದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ಖಾಸಗಿ ಕ್ರೈಸ್ತ ವಿಶ್ವವಿದ್ಯಾಲಯದಲ್ಲಿ ಓದಿದೆ ಎಂದೊಡನೆ ಜನ ಮೊದಲು ಕೇಳುವುದು ಪ್ರಾರ್ಥನೆಯ ಬಗ್ಗೆ. ಒತ್ತಾಯ ಮಾಡಿದರೇ, ಬೈಬಲ್ ಓದಿಸಿದರೇ ಎಂದು. ಇಲ್ಲ. ಬೆಳಗ್ಗೆ ಒಂದು ನಿಮಿಷ ಮೌನವಾಗಿ ನಿಲ್ಲುತ್ತಿದ್ದೆವು, ಅಷ್ಟೇ. ಸರ್ಕಾರದ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಒಪ್ಪಿಗೆಯಿಲ್ಲದೆ ಯಾರನ್ನೂ ಧಾರ್ಮಿಕ ಬೋಧನೆಗೆ, ಪೂಜೆ ಪ್ರಾರ್ಥನೆಗೆ ಕೂರಿಸುವಂತಿಲ್ಲ ಎಂದು ಸಂವಿಧಾನದ 28ನೇ ವಿಧಿ ಹೇಳುತ್ತದೆ, ನಮ್ಮಲ್ಲಿ ಅದನ್ನು ಪಾಲಿಸುತ್ತಿದ್ದರು. ನನ್ನ ದೂರು ಧರ್ಮದ ಮೇಲಲ್ಲ. ನಮ್ಮನ್ನು ನಂಬದ ನಿಯಮಗಳ ಮೇಲೆ. ಆ ನಿಯಮಗಳು ನಮಗೆ ಸುಳ್ಳು ಹೇಳುವುದನ್ನು ಕಲಿಸಿದವು.

ಹಾಸ್ಟೆಲಿನ ಕಥೆಯನ್ನೇ ತೆಗೆದುಕೊಳ್ಳಿ. ಶನಿವಾರ ಊರಿಗೆ ಹೋಗಬೇಕಾದರೆ ತಂದೆಯ ಇಮೇಲ್ ಬರಬೇಕು. ನನ್ನ ಅಪ್ಪ ತೆಂಗಿನ ತೋಟ ನೋಡಿಕೊಂಡಿರುವವರು, ಅವರಿಗೆ ಇಮೇಲ್ ಎಲ್ಲಿಂದ ಬರಬೇಕು? ಅವರ ಹೆಸರಿನಲ್ಲಿ ಖಾತೆ ತೆರೆದವನು ನಾನೇ. ‘ನನ್ನ ಮಗನನ್ನು ದಯವಿಟ್ಟು ಕಳುಹಿಸಿಕೊಡಿ’ ಎಂದು ನನ್ನ ರಜೆಗೆ ನಾನೇ ಅನುಮತಿ ಬರೆದು ಕಳುಹಿಸುತ್ತಿದ್ದೆ. ನಮ್ಮ ಮಹಡಿಯ ಅರ್ಧದಷ್ಟು ಹುಡುಗರು ಹೀಗೆಯೇ ಮಾಡುತ್ತಿದ್ದರು, ವಾರ್ಡನ್‌ಗೂ ಗೊತ್ತಿತ್ತು. 1988ರ ಸಂವಿಧಾನ ತಿದ್ದುಪಡಿಯಿಂದ ಮತದಾನದ ವಯಸ್ಸು 21ರಿಂದ 18ಕ್ಕೆ ಇಳಿಯಿತು. ಹಾಸ್ಟೆಲಿನಲ್ಲಿದ್ದಾಗ ಒಮ್ಮೆ ನಾನೂ ಊರಿನಲ್ಲಿ ಮತ ಹಾಕಿ ಬಂದಿದ್ದೆ, ಬೆರಳಿನ ಶಾಯಿ ಇನ್ನೂ ಅಳಿಸಿರಲಿಲ್ಲ. ಗೇಟಿನಲ್ಲಿ ಮಾತ್ರ ಅಪ್ಪನ ಅನುಮತಿ ಎಲ್ಲಿ ಎಂದು ಕೇಳಿದರು.

ಹೆಣ್ಣುಮಕ್ಕಳ ಪಾಡು ಇದಕ್ಕಿಂತ ಕಷ್ಟದ್ದು. ಅವರ ಗೇಟು ಒಂದೂವರೆ ಗಂಟೆ ಮೊದಲೇ ಮುಚ್ಚುತ್ತಿತ್ತು. ಗ್ರಂಥಾಲಯ ರಾತ್ರಿ ಒಂಬತ್ತರವರೆಗೆ ತೆರೆದಿರುತ್ತಿತ್ತು, ಕಟ್ಟಿದ ಶುಲ್ಕವೂ ಒಂದೇ.

ನಿಜ, ಅಪ್ಪ ನನ್ನನ್ನು ಅಲ್ಲಿಗೆ ಸೇರಿಸಿದ್ದೇ ಶಿಸ್ತಿಗಾಗಿ. ‘ಮಿಷನರಿಗಳು ನಡೆಸುವ ಕಾಲೇಜು, ಹುಡುಗ ದಾರಿ ತಪ್ಪುವುದಿಲ್ಲ’ ಎಂಬುದು ನಮ್ಮ ಊರುಗಳಲ್ಲಿ ಇಂದಿಗೂ ಇರುವ ನಂಬಿಕೆ, ಆ ನಂಬಿಕೆ ಪುಕ್ಕಟೆಯಾಗಿ ಬಂದದ್ದಲ್ಲ. ಸ್ವಿಟ್ಜರ್‌ಲೆಂಡಿನ ಕ್ರೈಸ್ತ ಸಂಸ್ಥೆಯಾದ ಬಾಸೆಲ್ ಮಿಷನ್ನಿನವರು ಮಂಗಳೂರಿಗೆ ಬಂದದ್ದು 1834ರಲ್ಲಿ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ವನ್ನು 1843ರಲ್ಲಿ ಹೊರತಂದವರು ಆ ಮಿಷನ್ನಿನ ಹರ್ಮನ್ ಮೋಗ್ಲಿಂಗ್. ಅದೇ ಮಿಷನ್ನಿನ ಕಿಟ್ಟೆಲ್ ಅವರ ಕನ್ನಡ-ಇಂಗ್ಲಿಷ್ ನಿಘಂಟು 1894ರಲ್ಲಿ ಅಚ್ಚಾಯಿತು, ನನ್ನ ಮೇಜಿನ ಮೇಲೆ ಈಗಲೂ ಅದರ ಮರುಮುದ್ರಣವಿದೆ. ಜನರ ಮಾತಿಗೆ ಕಿವಿಗೊಟ್ಟು, ಪದ ಪದವನ್ನೂ ಬರೆದಿಟ್ಟುಕೊಂಡವರು ಅವರು. ಆ ಪರಂಪರೆಯ ಹೆಸರು ಹೇಳಿಕೊಳ್ಳುವ ಸಂಸ್ಥೆಯೊಂದರ ಕಾರಿಡಾರಿನಲ್ಲಿ, ಗೆಳೆಯನೊಡನೆ ಕನ್ನಡದಲ್ಲಿ ಮಾತನಾಡಿದ್ದಕ್ಕೆ ನನ್ನ ಗುರುತಿನ ಚೀಟಿ ಕಿತ್ತಿಟ್ಟುಕೊಂಡರು. ಸಂಜೆಯವರೆಗೆ ಕಾದು ವಾಪಸು ಪಡೆದೆ. ಆ ದಿನದ ಕೋಪ ಇನ್ನೂ ಆರಿಲ್ಲ.

ಮೌಲ್ಯ ಶಿಕ್ಷಣ ಎಂಬ ಪಾಠವೂ ನಮಗಿತ್ತು, ವಾರಕ್ಕೆ ಒಂದು ಗಂಟೆ. ಅದನ್ನು ತೆಗೆದುಕೊಳ್ಳುತ್ತಿದ್ದ ಫಾದರ್ ನಾನು ಕಂಡ ಅತ್ಯಂತ ಪ್ರಾಮಾಣಿಕರಲ್ಲಿ ಒಬ್ಬರು. ಕಾಮಾಲೆ ಚೀಟಿಯ ವಿಷಯವನ್ನು ಕೊನೆಯ ವರ್ಷದಲ್ಲಿ ಅವರ ಬಳಿ ಹೇಳಿಕೊಂಡೆ. ಬಹಳ ಹೊತ್ತು ಸುಮ್ಮನಿದ್ದರು. ‘ನನ್ನ ಹತ್ತಿರ ಮೊದಲೇ ಬರಬಾರದಿತ್ತೇ’ ಎಂದರು. ಬಂದಿದ್ದರೆ ಅವರು ಏನು ಮಾಡಬಹುದಿತ್ತು? ಹಾಜರಾತಿ ತಂತ್ರಾಂಶದಲ್ಲಿ ಅವರಿಗೂ ಚೌಕವಿರಲಿಲ್ಲ.

ಇವು ಅಲ್ಪಸಂಖ್ಯಾತರ ಸಂಸ್ಥೆಗಳು, ಸಂವಿಧಾನದ 30ನೇ ವಿಧಿ ಇವಕ್ಕೆ ಆಡಳಿತದ ಹಕ್ಕು ಕೊಟ್ಟಿದೆ, ಪ್ರಶ್ನಿಸುವಂತಿಲ್ಲ ಎಂದು ಕೆಲವರು ಹೇಳುತ್ತಾರೆ. ಆ ಹಕ್ಕನ್ನು ನಾನು ಮನಃಪೂರ್ವಕವಾಗಿ ಒಪ್ಪುತ್ತೇನೆ, ಅದು ಉಳಿಯಬೇಕು. ಆದರೆ ಆಡಳಿತದ ಹಕ್ಕೆಂದರೆ ದುರಾಡಳಿತದ ಹಕ್ಕಲ್ಲ ಎಂದು ಕೇರಳ ಶಿಕ್ಷಣ ಮಸೂದೆಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1958ರಲ್ಲೇ ಹೇಳಿದೆ. ಹಾಜರಾತಿ ಕೊರತೆಯ ಕಾರಣಕ್ಕೆ ಕಾನೂನು ವಿದ್ಯಾರ್ಥಿಗಳನ್ನು ಪರೀಕ್ಷೆಯಿಂದ ತಡೆಯಬಾರದೆಂದು 2025ರ ನವೆಂಬರ್‌ನಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟಿದೆ. ಇನ್ನು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2023ರ ನಿಯಮಾವಳಿಯ ಪ್ರಕಾರ ಪ್ರತಿ ಸಂಸ್ಥೆಯಲ್ಲೂ ವಿದ್ಯಾರ್ಥಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು, ಸಭೆಗೆ ವಿದ್ಯಾರ್ಥಿ ಪ್ರತಿನಿಧಿಯೊಬ್ಬರನ್ನು ಕರೆಯಬೇಕು, ಸಮಿತಿಯ ತೀರ್ಮಾನ ಸರಿಯಿಲ್ಲವೆಂದರೆ ದೂರು ಆಲಿಸುವ ಅಧಿಕಾರಿಯಾದ ಓಂಬುಡ್ಸ್‌ಪರ್ಸನ್‌ಗೆ ಮೇಲ್ಮನವಿ ಹೋಗಬಹುದು. ಇದೆಲ್ಲದರ ವಿವರ ಎದ್ದು ಕಾಣುವಂತೆ ಪ್ರಕಟವಾಗಿರಬೇಕು. ನನ್ನ ಕಾಲದಲ್ಲಿ ನಮಗೆ ಇದ್ದದ್ದು ಒಂದು ಸಲಹಾ ಪೆಟ್ಟಿಗೆ. ಅದರ ಬೀಗಕ್ಕೆ ತುಕ್ಕು ಹಿಡಿದಿತ್ತು.

ನಮ್ಮೂರಿನ ಹುಡುಗಿಯೊಬ್ಬಳು ಈ ವರ್ಷ ಅಂಥದ್ದೇ ಒಂದು ಕಡೆ ಸೇರಲು ಹೊರಟಿದ್ದಾಳೆ. ಏನು ನೋಡಬೇಕು ಅಣ್ಣಾ ಎಂದು ಕೇಳಿದಳು. ಕಟ್ಟಡ ಚೆನ್ನಾಗಿಯೇ ಇರುತ್ತದೆ, ಪಾಠವೂ ಚೆನ್ನಾಗಿರುತ್ತದೆ. ಕುಂದುಕೊರತೆ ಸಮಿತಿಯಲ್ಲಿ ಯಾರಿದ್ದಾರೆ, ಅವರನ್ನು ಎಲ್ಲಿ ಭೇಟಿಯಾಗಬೇಕು ಎಂದು ಶುಲ್ಕ ಕಟ್ಟುವ ಮೊದಲು ಕೇಳು ಎಂದೆ. ಕೇಳಿಕೊಂಡು ಬಂದಳು. ಕಿಟಕಿಯಲ್ಲಿದ್ದವರು ಒಳಗೆ ಹೋಗಿ ವಿಚಾರಿಸಿ, ‘ಸೋಮವಾರ ಬಾಮ್ಮ, ಹೇಳುತ್ತೇವೆ’ ಎಂದರಂತೆ. ಸೋಮವಾರ ಅವಳ ಜೊತೆ ನಾನೂ ಹೋಗುತ್ತಿದ್ದೇನೆ.