ಬೋರನಿಗೆ ಕೋಳಿ ಬೇಸರವಾದ ಕಥೆ

ಈಗ ನೀವು ನೋಡುತ್ತಿರುವ ದೃಶ್ಯಕ್ಕೆ ಮರುಳಾಗಬೇಡಿ. ಹೊಂಗೆ ಮರದ ನೆರಳಿನಲ್ಲಿ ನಮ್ಮ ನಾಯಿ ಬೋರ ಕಾಲು ಚಾಚಿ ಮಲಗಿದ್ದಾನೆ. ಅವನ ಬಾಲದ ಪಕ್ಕದಲ್ಲೇ ಕೋಳಿಗಳು ಮಣ್ಣು ಕೆದರುತ್ತಿವೆ. ಆ ಕಂದು ಹೇಂಟೆಯಂತೂ ಅವನ ಬೆನ್ನಿಗೆ ಅಂಟಿದ ಉಣ್ಣೆ ಹುಳುವನ್ನು ಕುಕ್ಕಿ ತೆಗೆಯಲು ಹೊಂಚು ಹಾಕುತ್ತಿದೆ. ಇದು ನಾಲ್ಕು ನಿಮಿಷದ ವಿಡಿಯೊ ತುಣುಕು. ಇದರ ಹಿಂದೆ ಐದು ತಿಂಗಳ ಹಗ್ಗವಿದೆ, ಒಂದು ಕೋಳಿಯ ಸಾವಿದೆ, ಅಜ್ಜಿ ನನ್ನೊಂದಿಗೆ ಮಾತು ಬಿಟ್ಟ 11 ದಿನಗಳಿವೆ.

ನಮ್ಮದು ಶಿಡ್ಲಘಟ್ಟ ತಾಲ್ಲೂಕಿನ ಹಳ್ಳಿ. ಹಿಪ್ಪುನೇರಳೆ ತೋಟ, ರೇಷ್ಮೆಹುಳು ಸಾಕುವ ಮನೆ, ಎರಡು ಹಸು, ಹಿತ್ತಲಲ್ಲಿ ಅಜ್ಜಿಯ ಕೋಳಿಗಳು. ಅಜ್ಜಿಯ ಎಂದು ಒತ್ತಿ ಹೇಳುತ್ತಿದ್ದೇನೆ. ರೇಷ್ಮೆಗೂಡಿನ ಹಣ ಅಪ್ಪನದು, ಹಾಲಿನ ಹಣ ಅಮ್ಮನದು, ಮೊಟ್ಟೆಯ ಹಣ ಮಾತ್ರ ನೇರವಾಗಿ ಅಜ್ಜಿಯ ಸೆರಗಿನ ಗಂಟಿಗೆ ಹೋಗುತ್ತದೆ.

ಕಳೆದ ಬೇಸಿಗೆಯಲ್ಲಿ ಪಕ್ಕದ ಹೊಲಕ್ಕೆ ಬೋರ್‌ವೆಲ್ ಲಾರಿ ಬಂತು. 1,200 ಅಡಿ ಕೊರೆದರೂ ದೂಳು ಬಿಟ್ಟು ಬೇರೇನೂ ಮೇಲೆ ಬರಲಿಲ್ಲ. ಲಾರಿ ಹೋಯಿತು, ಅದರ ಜೊತೆಗೆ ಬಂದಿದ್ದ ನಾಯಿ ಉಳಿಯಿತು. ಬೋರ್‌ವೆಲ್ ಕೊಟ್ಟದ್ದು ಅದೊಂದೇ ಆದ್ದರಿಂದ ಬೋರ ಎಂದು ಹೆಸರಿಟ್ಟೆವು. ಉದ್ದ ಕಾಲು, ಒಳಕ್ಕೆ ಹೋದ ಹೊಟ್ಟೆ, ಚೂಪು ಮೂತಿ; ಎಲ್ಲೋ ಹಿಂದಿನ ತಲೆಮಾರಿನಲ್ಲಿ ಮುಧೋಳದ ರಕ್ತ ಸೇರಿರಬೇಕು. ಮುಧೋಳ ನಾಯಿ ವಾಸನೆಗಿಂತ ಹೆಚ್ಚಾಗಿ ಕಣ್ಣನ್ನು ನಂಬಿ ಬೇಟೆಯಾಡುವ ಜಾತಿ. ಓಡುವುದನ್ನು ಕಂಡರೆ ಅಟ್ಟುವುದು ಅದರ ಹುಟ್ಟುಗುಣ. ಕೋಳಿಯೋ, ಹೆದರಿದರೆ ರೆಕ್ಕೆ ಬಡಿಯುತ್ತಾ ಓಡುವುದನ್ನು ಬಿಟ್ಟು ಬೇರೇನೂ ಗೊತ್ತಿಲ್ಲದ ಪ್ರಾಣಿ.

ನಾಯಿಮರಿಗೆ ಮೂರನೇ ವಾರದಿಂದ ಸುಮಾರು 14ನೇ ವಾರದವರೆಗೆ ಏನನ್ನು ತೋರಿಸಿದರೂ ಅದು ತನ್ನ ಮನೆಯದೇ ಎಂದು ಒಪ್ಪಿಕೊಳ್ಳುತ್ತದೆ. ಬೋರ ನಮ್ಮಲ್ಲಿಗೆ ಬಂದಾಗ ಒಂದೂವರೆ ವರ್ಷದವನು. ಆ ಬಾಗಿಲು ಮುಚ್ಚಿ ಬಹಳ ಕಾಲವಾಗಿತ್ತು. ನನಗೆ ಇದು ಗೊತ್ತಿರಲಿಲ್ಲ. ಗೊತ್ತಿದ್ದದ್ದು ನಾಯಿಯ ತಲೆಯ ಮೇಲೆ ಕೋಳಿಮರಿ ಕೂತಿರುವ ವಿಡಿಯೊಗಳು ಮಾತ್ರ. ಅಂಥ ವಿಡಿಯೊ ಸಿಕ್ಕರೆ ಈಗ ನಾನು ಮರಿಯನ್ನು ನೋಡುವುದಿಲ್ಲ, ನಾಯಿಯ ಮುಖ ನೋಡುತ್ತೇನೆ. ಮತ್ತೆ ಮತ್ತೆ ತುಟಿ ನೆಕ್ಕಿಕೊಳ್ಳುತ್ತಿದ್ದರೆ, ಮುಖ ಆಚೆ ತಿರುಗಿಸಿ ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುತ್ತಿದ್ದರೆ, ಆ ನಾಯಿ ಪ್ರೀತಿ ತೋರಿಸುತ್ತಿಲ್ಲ, ಕಷ್ಟಪಟ್ಟು ಸಹಿಸುತ್ತಿದೆ.

ಆ ಕೋಳಿ ಸತ್ತದ್ದು ನನ್ನಿಂದ. ಶಿಡ್ಲಘಟ್ಟದ ರೇಷ್ಮೆ ನೂಲಿನ ಕಾರ್ಖಾನೆಗಳಾದ ಫಿಲೇಚರ್‌ಗಳಲ್ಲಿ ನೂಲು ಬಿಚ್ಚಿದ ಮೇಲೆ ಗೂಡಿನೊಳಗಿನ ಹುಳು ಉಳಿಯುತ್ತದೆ. ಪ್ರೋಟೀನ್ ತುಂಬಿದ ಮೇವು, ಕೋಳಿಗಳಿಗೆ ಪ್ರಾಣ. ಅದರ ನಾತವನ್ನು ವಿಡಿಯೊದಲ್ಲಿ ತೋರಿಸಲಾಗದು, ನಿಮ್ಮ ಪುಣ್ಯ. ಒಂದು ಬೆಳಿಗ್ಗೆ ಅಗಲವಾದ ಬಾಂಡಲಿಯಲ್ಲಿ ಆ ಹುಳು ಸುರಿದು ಕೋಳಿಗಳನ್ನು ಕರೆದೆ. ನಾಯಿಗೂ ಆ ನಾತ ಇಷ್ಟ, ಅವನೂ ಬಂದ. ಒಂದೇ ಬಾಂಡಲಿಯಲ್ಲಿ ನಾಯಿ, ಕೋಳಿ! ಇದಕ್ಕಿಂತ ಒಳ್ಳೆಯ ಚಿತ್ರ ಬೇಕೇ ಎಂದು ನಾನು ಮೊಬೈಲ್ ಹಿಡಿದು ಮಂಡಿಯೂರಿದೆ. ಬಿಳಿ ಹೇಂಟೆ ಅವನ ಬಾಯಿ ಹತ್ತಿರದ ಹುಳುವಿಗೆ ಕೊಕ್ಕು ಹಾಕಿತು. ಅವನು ಒಮ್ಮೆ ಗುರ್ ಎಂದ. ಅದು ಎಚ್ಚರಿಕೆ ಎಂದು ಕೋಳಿಗೆ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಮರುಕ್ಷಣ ಬಾಯಿ ಹಾಕಿದ, ಕತ್ತು ಹಿಡಿದು ಎರಡು ಬಾರಿ ಒದರಿದ, ಮುಗಿಯಿತು. ಆ ತುಣುಕು ಇದೆ. ಹಾಕುವುದಿಲ್ಲ.

ಬೇಟೆಯ ಆಸೆಗೆ ಅಲ್ಲ, ಅನ್ನದ ಜಗಳಕ್ಕೆ ಆ ಕೋಳಿ ಹೋದದ್ದು. ಆದರೆ ಆ ಎರಡು ಒದರುವಿಕೆಯ ನಂತರ ಬೋರ ಬೇರೆಯವನಾದ. ಅಲ್ಲಿಯವರೆಗೆ ಕೋಳಿಗಳನ್ನು ನೋಡಿ ಬೊಗಳುತ್ತಿದ್ದವನು ಬೊಗಳುವುದನ್ನು ಬಿಟ್ಟ. ಬಾಯಿ ಮುಚ್ಚಿ, ಬಾಲ ಅಲ್ಲಾಡಿಸದೆ, ಮುಂಗಾಲೊಂದನ್ನು ಸ್ವಲ್ಪ ಎತ್ತಿ, ಕಣ್ಣು ಕೀಲಿಸಿ ನಿಲ್ಲುತ್ತಿದ್ದ. ಬೊಗಳುವ ನಾಯಿಗಿಂತ ಹಾಗೆ ನಿಲ್ಲುವ ನಾಯಿ ಹೆಚ್ಚು ಅಪಾಯ.

ಸಲಹೆಗಳಿಗೇನು ಬರವೇ? ಸತ್ತ ಕೋಳಿಯನ್ನು ಅವನ ಕೊರಳಿಗೆ ಕಟ್ಟಿ ಕೊಳೆಯುವವರೆಗೆ ಬಿಡು ಎಂದರು ಒಬ್ಬರು. ಇನ್ನೊಬ್ಬರು ಚೆನ್ನಾಗಿ ಬಾರಿಸು ಎಂದರು. ಹೊಡೆದರೆ ನಾಯಿ ಕಲಿಯುವುದು ಒಂದೇ ಪಾಠ: ಈ ಮನುಷ್ಯ ಇರುವಾಗ ಕೋಳಿಯ ತಂಟೆ ಬೇಡ. ನಾನಿಲ್ಲದಾಗ? ರಕ್ತದ ರುಚಿ ಕಂಡ ನಾಯಿಯನ್ನು ಸಾಕಬಾರದು ಎಂದವರೂ ಇದ್ದರು. ಅವರು ಅದನ್ನು ಹೇಳಿದ್ದು ಗಂಗಮ್ಮನ ಜಾತ್ರೆಯ ದಿನ, ಕೋಳಿ ಸಾರಿಗೆ ಮುದ್ದೆ ಅದ್ದುತ್ತಾ. ನಾವು ತಿಂದರೆ ಹಬ್ಬ, ಅವನು ತಿಂದರೆ ಕೊಲೆ!

ಕೊನೆಗೆ ಹಗ್ಗ ತಂದೆ, 15 ಅಡಿಯದು. ಕೋಳಿಗಳಿಗೆ ಜಾಲರಿ ಬೇಲಿ ಹಾಕಿದೆ. ಬೆಳಿಗ್ಗೆ ಕೆರೆ ಏರಿಯ ಮೇಲೆ ಬೋರನನ್ನು ದಣಿಯುವಷ್ಟು ಓಡಿಸಿಕೊಂಡು ಬಂದು, ಬೇಲಿಯಿಂದ 30 ಅಡಿ ದೂರ ಕೂರುತ್ತಿದ್ದೆ. ಅಷ್ಟು ದೂರದಲ್ಲಿ ಅವನು ಕೋಳಿಗಳನ್ನು ನೋಡುತ್ತಿದ್ದ, ಹೆಸರು ಕರೆದರೆ ತಿರುಗುತ್ತಲೂ ಇದ್ದ. 20 ಅಡಿಗೆ ಬಂದರೆ ಕಿವಿ ಸತ್ತುಹೋಗುತ್ತಿತ್ತು, ಕಣ್ಣು ಮಾತ್ರ ಉಳಿಯುತ್ತಿತ್ತು. ಆ ಗೆರೆ ಎಲ್ಲಿದೆ ಎಂದು ಗುರುತಿಸುವುದರಲ್ಲೇ ಅರ್ಧ ಕೆಲಸ ಮುಗಿಯಿತು. ಗೆರೆಯ ಆಚೆ ಕೂತು, ಅವನು ಕೋಳಿಯಿಂದ ಕಣ್ಣು ಕಿತ್ತು ನನ್ನ ಕಡೆ ತಿರುಗಿದ ಪ್ರತಿ ಸಲವೂ ಒಂದು ಚೂರು ತಿನಿಸು. ಅಷ್ಟೇ. ದಿನಕ್ಕೆ ಎರಡು ಬಾರಿ, ಹತ್ತು ಹತ್ತು ನಿಮಿಷ. ನೋಡುವವರಿಗೆ ಇದಕ್ಕಿಂತ ಸಪ್ಪೆಯಾದ ದೃಶ್ಯ ಇರಲಾರದು, ಅದಕ್ಕೇ ಈ ಭಾಗವನ್ನು ವೇಗವಾಗಿ ಓಡಿಸಿದ್ದೇನೆ.

ತಿನಿಸಿನದೇ ಒಂದು ರಗಳೆ. ಮುದ್ದೆಯ ಚೂರಿಗೆ ಅವನು ಬಗ್ಗಲಿಲ್ಲ. ಬೇಯಿಸಿದ ಮೊಟ್ಟೆಗೆ ಬಗ್ಗಿದ. ಅಜ್ಜಿಯ ಮೌನ ಮುರಿದದ್ದು ಆಗಲೇ. “ಕೋಳಿ ಕದ್ದವನಿಗೆ ಈಗ ಕದಿಯದಿದ್ದಕ್ಕೆ ಮೊಟ್ಟೆಯ ಲಂಚವೇನೋ? ಆ ಮೊಟ್ಟೆಯ ದುಡ್ಡು ಯಾರು ಕೊಡುತ್ತಾರೆ?” ನಾನು ಕೊಟ್ಟೆ, ನಾಟಿ ಮೊಟ್ಟೆಯ ಬೆಲೆಯನ್ನೇ. ಮೊಮ್ಮಗನೆಂದು ಅಜ್ಜಿ ಒಂದು ರೂಪಾಯಿಯನ್ನೂ ಬಿಡಲಿಲ್ಲ. ಹಸಿ ಮೊಟ್ಟೆ ಮಾತ್ರ ಕೊಡಬೇಡಿ. ಅದರ ರುಚಿ ಹತ್ತಿದ ನಾಯಿ ಕೋಳಿ ಮೊಟ್ಟೆಯಿಡುವ ಜಾಗ ಹುಡುಕಿಕೊಂಡು ಹೋಗುತ್ತದೆ.

ಎರಡು ತಿಂಗಳು ಕಳೆಯುವಷ್ಟರಲ್ಲಿ ಬೇಲಿಯ ಪಕ್ಕದಲ್ಲೇ ಕೂತು ಆಕಳಿಸತೊಡಗಿದ. ನನಗೆ ಬೇಕಿದ್ದದ್ದು ಆ ಉದಾಸೀನವೇ. ಕೋಳಿ ಅವನಿಗೆ ಗೆಳತಿಯಾಗಬೇಕಿರಲಿಲ್ಲ, ಬೇಸರವಾಗಬೇಕಿತ್ತು. ಹಸುವಿನ ಸಗಣಿ, ಹಳೆಯ ಚಂದ್ರಿಕೆ (ರೇಷ್ಮೆಹುಳು ಗೂಡು ಕಟ್ಟುವ ತಟ್ಟಿ), ಮೂಲೆಯಲ್ಲಿ ಬಿದ್ದ ನೇಗಿಲು ಇದ್ದ ಹಾಗೆ ಕೋಳಿಯೂ ಹಿತ್ತಲ ಸಾಮಾನಾಗಬೇಕಿತ್ತು.

ಬೇಲಿ ತೆಗೆದ ಮೇಲೂ ಹಗ್ಗ ಕೊರಳಲ್ಲೇ ಇತ್ತು. ಆ ಹೊತ್ತಿಗೆ ಕಂದು ಹೇಂಟೆ ಕಾವಿಗೆ ಕೂತು, 21 ದಿನ ಕಳೆದು, ಒಂಬತ್ತು ಹೂಮರಿಗಳನ್ನು ಅಂಗಳಕ್ಕೆ ಕರೆತಂದಿತ್ತು. ಚಿಂವ್ ಚಿಂವ್ ಎಂಬ ಸದ್ದು ಅವನ ಹಳೆಯ ಹುಚ್ಚನ್ನು ಕೆರಳಿಸೀತೆಂದು ನಾನು ಹಗ್ಗವನ್ನು ಕೈಗೆ ಎರಡು ಸುತ್ತು ಸುತ್ತಿಕೊಂಡೆ. ಮೂಗು ನೀಡಿ ಒಂದು ಹೆಜ್ಜೆ ಇಟ್ಟ. ಹೇಂಟೆ ಗರಿ ಕೆದರಿ ಕುಂಬಳಕಾಯಿಯಷ್ಟಾಗಿ ನೇರವಾಗಿ ಅವನ ಮೂಗಿಗೇ ಎರಗಿತು. ಕುಂಯ್ ಎಂದು ಹಿಂದೆ ಸರಿದವನು ನನ್ನ ಕಾಲ ಸಂದಿಯಲ್ಲಿ ತಲೆ ತೂರಿಸಿದ. ಊರಿನವರೆಲ್ಲ ಆ ಹೇಂಟೆಯೇ ಅವನನ್ನು ತಿದ್ದಿತು ಎನ್ನುತ್ತಾರೆ. ಹಗ್ಗವಿಲ್ಲದೆ ಇದ್ದಿದ್ದರೆ, ಎರಡು ತಿಂಗಳ ಆಕಳಿಕೆ ಇಲ್ಲದೆ ಇದ್ದಿದ್ದರೆ, ಅದೇ ಏಟಿಗೆ ಅವನು ಬೇರೆ ಉತ್ತರ ಕೊಡುತ್ತಿದ್ದ ಎಂಬುದು ನನ್ನ ನಂಬಿಕೆ. ಸಾಕ್ಷಿ ಕೇಳಬೇಡಿ.

ಈಗಲೂ ಕೆಲವು ಕಟ್ಟಳೆಗಳಿವೆ. ಬೋರನ ತಟ್ಟೆ ಕೊಟ್ಟಿಗೆಯ ಆಚೆ, ಕೋಳಿಗಳ ಮೇವು ಈಚೆ. ಹುಳು ಸುರಿಯುವ ಹೊತ್ತಿಗೆ ಅವನನ್ನು ಕಟ್ಟಿಯೇ ಹಾಕುತ್ತೇವೆ. ಮನೆಯವರೆಲ್ಲ ರೇಷ್ಮೆಗೂಡಿನ ಮಾರುಕಟ್ಟೆಗೆ ಹೊರಟ ದಿನ ಕೋಳಿಗಳು ಗೂಡು ಬಿಟ್ಟು ಹೊರಗಿಲ್ಲ. ಕೋಳಿಯ ಹಿಕ್ಕೆಯನ್ನು ಅವನು ಪ್ರಸಾದದಂತೆ ತಿನ್ನುತ್ತಾನೆ, ಅದನ್ನು ಬಿಡಿಸಲು ನನ್ನಿಂದ ಆಗಿಲ್ಲ. ಜಂತುಹುಳುವಿನ ಔಷಧ ತಪ್ಪಿಸದೆ ಹಾಕಿಸುತ್ತಿದ್ದೇನೆ.

ಸಂಜೆ ಅಜ್ಜಿ ಗೂಡು ಮುಚ್ಚುವ ಮುಂಚೆ ಬೋರನ ಮುಖವನ್ನೇ ನೋಡುತ್ತಾ ಕೋಳಿಗಳನ್ನು ಗಟ್ಟಿಯಾಗಿ ಎಣಿಸುತ್ತಾಳೆ. ಎಣಿಕೆ ಸರಿಯಾದ ಮೇಲೆಯೇ ಅವನಿಗೆ ಮುದ್ದೆ, ಸಾರು. ಹೋದ ವಾರ ಒಂದು ಕಡಿಮೆ ಬಂತು. ಮತ್ತೆ ಎಣಿಸಿದಳು, ಮತ್ತೆ ಒಂದು ಕಡಿಮೆ. ತಟ್ಟೆ ಅಜ್ಜಿಯ ಕೈಯಲ್ಲೇ ಉಳಿಯಿತು. ಟಾರ್ಚ್ ಹಿಡಿದು ಹುಡುಕಿದರೆ, ಒರಗಿಸಿಟ್ಟ ಚಂದ್ರಿಕೆಗಳ ಹಿಂದೆ ಕಪ್ಪು ಹೇಂಟೆ ಕದ್ದು ಕಾವಿಗೆ ಕೂತಿತ್ತು, ಕೆಳಗೆ ಏಳು ಮೊಟ್ಟೆ. ಅಜ್ಜಿ ಬಂದು ಬೋರನ ಮುಂದೆ ತಟ್ಟೆ ಇಟ್ಟಳು. ಅವನಿಗೂ ಏನೂ ಹೇಳಲಿಲ್ಲ, ನನಗೂ ಏನೂ ಹೇಳಲಿಲ್ಲ. ಸಾರು ಮಾತ್ರ ಒಂದು ಸೌಟು ಹೆಚ್ಚಿಗೆ ಬಿತ್ತು.

ಹಗ್ಗವನ್ನು ನಾನಿನ್ನೂ ಬಾಗಿಲ ಪಕ್ಕದ ಮೊಳೆಯಿಂದ ತೆಗೆದಿಲ್ಲ.