ತಾ.ಕ.: ಯಾರ ಮುಂದೆಯೂ ಎತ್ತಬೇಡ

ಕೇಳುಗರಿಗೆ ನಮಸ್ಕಾರ.

ನಮ್ಮ ತಂದೆ ಬಹಳ ಹಿಂದೆ ನನ್ನ ತಮ್ಮನಿಗೆ ಬರೆದಿದ್ದ ಇನ್‌ಲ್ಯಾಂಡ್ ಪತ್ರವೊಂದನ್ನು ಅವನು ಕಳೆದ ತಿಂಗಳು ಫೋಟೋ ತೆಗೆದು ಫೇಸ್‌ಬುಕ್‌ಗೆ ಹಾಕಿದ. ನೀಲಿ ಕಾಗದ, ಮುತ್ತು ಪೋಣಿಸಿದಂಥ ಅಕ್ಷರ, ತಲೆಯಲ್ಲಿ ‘ಕ್ಷೇಮ’. ನೆಂಟರಿಷ್ಟರೆಲ್ಲ ಮೆಚ್ಚಿದರು. ನನಗೂ ಗಂಟಲು ಕಟ್ಟಿತು. ಆದರೆ ಆ ಕಾಲದವರು ಇನ್‌ಲ್ಯಾಂಡಿನಲ್ಲಿ ಬೆರಳಗಲ ಜಾಗವನ್ನೂ ಖಾಲಿ ಬಿಡುತ್ತಿರಲಿಲ್ಲವಲ್ಲ! ಅಂಟು ಹಚ್ಚುವ ಪಟ್ಟಿಯ ಪಕ್ಕದಲ್ಲೇ ಅಡ್ಡಡ್ಡವಾಗಿ ಒಂದು ‘ತಾ.ಕ.’, ಅಂದರೆ ಪತ್ರ ಮುಗಿಸಿದ ಮೇಲೆ ಸೇರಿಸುವ ತಾಜಾ ಕಲಂ, ಇತ್ತು: ‘ನಿನ್ನ ಮಾವನಿಗೆ ಕೊಟ್ಟ ಮುನ್ನೂರು ರೂಪಾಯಿಯ ವಿಷಯ ಯಾರ ಮುಂದೆಯೂ ಎತ್ತಬೇಡ. ಮಾನಿಷ್ಠ, ನೊಂದುಕೊಳ್ಳುತ್ತಾನೆ.’

ತಮ್ಮ ಅದನ್ನು ಗಮನಿಸಿರಲಿಲ್ಲ. ಗಮನಿಸಿದವಳು ಮಾವನ ಮಗಳು.

ಪತ್ರ ಯಾರ ಸ್ವತ್ತು ಎಂಬ ಜಗಳ ಹಳೆಯದು. 1741ರಲ್ಲಿ ಇಂಗ್ಲೆಂಡಿನ ಕವಿ ಅಲೆಕ್ಸಾಂಡರ್ ಪೋಪ್ ತನ್ನ ಪತ್ರಗಳನ್ನು ಅಚ್ಚು ಹಾಕಿದ ಪುಸ್ತಕ ವ್ಯಾಪಾರಿ ಕರ್ಲ್ ಮೇಲೆ ದಾವೆ ಹೂಡಿದ. ಕಾಗದ ಪಡೆದವನದಾದರೂ ಪ್ರಕಟಿಸುವ ಹಕ್ಕು ಅವನಿಗೆ ಬರುವುದಿಲ್ಲ ಎಂದು ನ್ಯಾಯಾಧೀಶ ಹಾರ್ಡ್‌ವಿಕ್ ಹೇಳಿದರು. ಪೋಪ್ ಮಹಾಶಯನೇನೂ ಸಾಚಾ ಅಲ್ಲ; 1735ರಲ್ಲಿ ತಾನೇ ಗುಟ್ಟಾಗಿ ತನ್ನ ಪತ್ರಗಳನ್ನು ಅದೇ ಕರ್ಲ್‌ನ ಕೈಗೆ ಸೇರಿಸಿದ್ದವನು. ಅದಿರಲಿ. ನಮ್ಮ ದೇಶದಲ್ಲೂ ಪತ್ರದ ಹಕ್ಕುಸ್ವಾಮ್ಯ ಬರೆದವರದೇ.

ಆ ಲೆಕ್ಕದಲ್ಲಿ ತಮ್ಮನದು ತಪ್ಪೇ ಅಲ್ಲ. ಕಾಗದ ಅವನದು, ವಾರಸುದಾರನಾಗಿ ಹಕ್ಕಿನಲ್ಲಿ ಪಾಲೂ ಉಂಟು. ಆದರೆ ಮಾವ ಪತ್ರ ಬರೆದವರೂ ಅಲ್ಲ, ಪಡೆದವರೂ ಅಲ್ಲ, ಪತ್ರದೊಳಗೆ ಸಿಕ್ಕಿಕೊಂಡವರು. ಅವರನ್ನು ಯಾರು ಕೇಳಬೇಕಿತ್ತು? ಖಾಸಗಿತನ ಮೂಲಭೂತ ಹಕ್ಕು ಎಂಬ 2017ರ ಸುಪ್ರೀಂ ಕೋರ್ಟ್ ತೀರ್ಪಿಗೆ ಕಾರಣವಾದ ಅರ್ಜಿ ನಮ್ಮ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಪುಟ್ಟಸ್ವಾಮಿಯವರದು ಎಂದು ನಾವು ಹೆಮ್ಮೆಪಡುತ್ತೇವೆ. ಮನೆಯ ಪೆಟ್ಟಿಗೆ ತೆರೆಯುವಾಗ ಮಾತ್ರ ಅದು ನೆನಪಾಗುವುದಿಲ್ಲ.

ವಾಟ್ಸ್ಆ್ಯಪ್ ಸ್ಕ್ರೀನ್‌ಶಾಟ್ ಇದಕ್ಕಿಂತ ಅಪಾಯಕಾರಿ. ಮುಂಚಿನ ನಾಲ್ಕು ಸಾಲು ಬಿಟ್ಟು ಕೊನೆಯ ಸಾಲನ್ನಷ್ಟೇ ಕತ್ತರಿಸಿ ಹಾಕಿದರೆ ತಮಾಷೆಯೂ ಬೈಗುಳವಾಗುತ್ತದೆ. ‘ಇದನ್ನು ಹಾಕಲೇ?’ ಎಂದು ಕೇಳಲು ಅರ್ಧ ನಿಮಿಷ ಸಾಕು. ಉತ್ತರ ಬರದಿದ್ದರೆ ಅದು ಒಪ್ಪಿಗೆಯಲ್ಲ. ಹೆಸರಿಗೆ ಮಸಿ ಬಳಿದರೂ ಬರೆದ ಧಾಟಿಯಿಂದಲೇ ಆಳು ಗೊತ್ತಾಗುವುದುಂಟು. ಬೆದರಿಕೆಯ ಸಂದೇಶದ ಮಾತು ಬೇರೆ. ಅದನ್ನು ಅಳಿಸದೆ ಪೊಲೀಸರಿಗೆ ಕೊಡಿ.

ತಮ್ಮ ಆ ರಾತ್ರಿಯೇ ಫೋಟೋ ತೆಗೆದುಹಾಕಿದ. ಅಷ್ಟರಲ್ಲಿ ಅದು ಊರಿನ ಗುಂಪು ಸೇರಿತ್ತು. ಮರುದಿನ ಮಾವನ ಮಗಳು ಫೋನ್ ಮಾಡಿದಳು. ಜಗಳಕ್ಕೆ ಸಿದ್ಧನಾಗಿಯೇ ಎತ್ತಿಕೊಂಡೆ. ಅವಳು ಕೇಳಿದ್ದು ಇಷ್ಟೇ: ‘ಭಾವಾ, ಅಪ್ಪ ಆ ಮುನ್ನೂರು ತೀರಿಸಿದ್ದರಾ?’